ಮೂರನೆಯ ಚೌಕ

ಬೀಗದ ಕೈ ಬೇಕಾದವರು ಈ ನಂಬರಿಗೆ ಫೋನ್ ಮಾಡಿ
ಎಂದು ಬಾಗಿಲಿಗೆ ಅಂಟಿಸಿದ್ದರು.
ಮಾಡಿದೆ. ಎದುರು ಮನೆಯೊಳಗೇ ಗಂಟೆ ಬಾರಿಸಿದ್ದು
ರಸ್ತೆಯಲ್ಲಿ ನಿಂತ ನಾಲ್ವರಿಗೂ ಕೇಳಿಸಿತು.
ಏಪ್ರನ್ನಿಗೆ ಕೈಯೊರೆಸುತ್ತ ಬಂದವರು ಕತಗಿರಿ ಎಂಬಾಕೆ.
ಮೂಲಂಗಿಗೆ ಉಪ್ಪು ಹಾಕುತ್ತಿದ್ದರಂತೆ.
"ಈ ತಿಂಗಳಿಗೆ ನೀವೇ ಮೊದಲು" ಅಂದರು.
ಅದು ಸ್ವಾಗತವೋ ದೂರೋ ತಿಳಿಯಲಿಲ್ಲ.

ಮಕ್ಕಳು ಸಾಲದೆ ಮುಚ್ಚಿದ ಶಾಲೆ.
ಮೂರನೇ ತರಗತಿಯಲ್ಲಿ ಈಗ
ನೇಗಿಲುಗಳು ಬೆಂಚಿನ ಮೇಲೆ ಕೂತಿವೆ,
ಹುಲ್ಲಿನ ಹಿಮಬೂಟುಗಳು ಹಾಜರಿಗೆ ಕಾಯುವಂತೆ
ಗೋಡೆಗೆ ಒತ್ತಿ ನಿಂತಿವೆ.
ನನ್ನ ಗಂಡ ಸದಾಹಿರೊ ಪ್ರತಿ ಚೀಟಿಯನ್ನೂ ಜೋರಾಗಿ ಓದುತ್ತಾನೆ,
ಪರೀಕ್ಷೆ ಇದೆಯೇನೋ ಎಂಬ ಹಾಗೆ.
ಮಗ ರಿಕುತೊಗೆ ಬೇಕಾದದ್ದು ಠಸ್ಸೆ ಮಾತ್ರ:
ಕಣಿವೆಯ ಮೂರು ಸಂಗ್ರಹಾಲಯ, ಕಾರ್ಡಿನಲ್ಲಿ ಮೂರು ಚೌಕ,
ತುಂಬಿಸಿದವರಿಗೆ ಒಂದು ಟವೆಲ್ಲು.

ರೇಷ್ಮೆಯ ಮೂಲೆಯಲ್ಲೊಂದು ಗುಂಡಿ.
ಒತ್ತಿದರೆ ಹುಳುಗಳು ಸೊಪ್ಪು ಮೇಯುವ ಸದ್ದು ಬರಬೇಕು.
ಯಂತ್ರ ಕೆಟ್ಟಿದೆ, ಬರೀ ಗೊರಗೊರ.
ಕತಗಿರಿ ಕ್ಷಮೆ ಕೇಳಿ ಬಗ್ಗಿದರು.
ಅತ್ತೆ ಹಿಸನೊ ಕಣ್ಣು ಮುಚ್ಚಿ ಕಿವಿಯಿಟ್ಟು
"ಸರಿಯಾಗಿ ಹೀಗೇ ಇತ್ತು" ಅಂದರು,
ಇನ್ನೊಮ್ಮೆ ಒತ್ತಿಸಿದರು.

ಅಲ್ಲೇ ಪಕ್ಕದಲ್ಲಿ ಗೇಣುದ್ದದ ಬಿದಿರು ಕಡ್ಡಿ,
ತುದಿ ಸೀಳಿದ್ದು. ಚೀಟಿಯಲ್ಲಿ:
"ಬಳಕೆ ತಿಳಿದಿಲ್ಲ."
"ಯಾರಿಗೆ ತಿಳಿದಿಲ್ಲ?" ಅಂದರು ಅತ್ತೆ,
ಮುಟ್ಟಬಾರದು ಎಂಬ ಹಲಗೆಯ ಮೇಲಿಂದಲೇ ಕೈ ಚಾಚಿ.
ನಾಲ್ಕನೇ ಜ್ವರ ಎದ್ದು, ಮೇದು, ಹಣ್ಣಾದ ಹುಳುವನ್ನು
ನೋಯಿಸದೆ ಎತ್ತಿ ಚಂದ್ರಿಕೆಗೆ ಬಿಡಲು ಇದು.
ಎತ್ತಿಯೂ ತೋರಿಸಿದರು, ಇಲ್ಲದ ಹುಳುವನ್ನು,
ಇಲ್ಲದ ಚಂದ್ರಿಕೆಗೆ. ನಾವೆಲ್ಲ ಸರಿದು ಜಾಗ ಬಿಟ್ಟೆವು.
ಕತಗಿರಿ ಏಪ್ರನ್ನಿನ ಜೇಬಿನಿಂದ ಪೆನ್ಸಿಲ್ ತೆಗೆದು
ಚೀಟಿಯ ಮೇಲೆ ಬರೆದೇಬಿಟ್ಟರು.

ಎರಡನೆಯದು ಅಕ್ಕಿಮದ್ಯದವರ ಹಳೆ ಉಗ್ರಾಣ.
ಅಲ್ಲೂ ಅದೇ ಕಡ್ಡಿ, ಗಾಜಿನ ಪೆಟ್ಟಿಗೆಯಲ್ಲಿ,
ಅಚ್ಚು ಹಾಕಿದ ಅಕ್ಷರದಲ್ಲಿ:
"ತೋಫು ಕರಿಯುವಾಗ ಮಗುಚುವ ಸಾಧನ."
ಅತ್ತೆ ಎರಡು ಸಲ ಓದಿದರು. ಕನ್ನಡಕ ತೆಗೆದು ಮಡಿಸಿದರು.
"ಇವರ ಕಡೆ ಹಾಗಿರಬಹುದು."
ಕಾರು ಎರಡು ಸುರಂಗ ದಾಟಿದ ಮೇಲೆ, ಯಾರೂ ಕೇಳದೆ:
"ಅಥವಾ ನಾನೇ ಮರೆತೆನೋ."
ಕನ್ನಡಿಯಲ್ಲಿ ನೋಡಿದೆ. ಮಡಿಲಲ್ಲಿ
ಅವರ ಎರಡು ಬೆರಳು ಏನನ್ನೋ
ಹಗುರ ಹಿಡಿದುಕೊಂಡೇ ಇದ್ದವು.

ಮೂರನೆಯದಕ್ಕೆ ಬೀಗ. ಕಾವಲಿನವರು ಆಸ್ಪತ್ರೆಯಲ್ಲಿ,
ಯಾವಾಗ ತೆರೆಯುವುದೋ ಬರೆದಿಲ್ಲ.
ಬುತ್ತಿಯ ಅನ್ನದುಂಡೆ ಕಾರಲ್ಲೇ ಕೂತು ತಿಂದೆವು.
ಉಪ್ಪಿನ ಪ್ಲಮ್ಮು ನನಗೊಬ್ಬಳಿಗೇ ಎರಡು ಬಂತು.
ಹೊರಗೆ ಯಾರೂ ಕೀಳದ ಪರ್ಸಿಮನ್ ಮರ,
ಎಲೆ ಉದುರಿ ಹಣ್ಣಷ್ಟೇ ಉಳಿದದ್ದು.
ಸದಾಹಿರೊ ಕಿಟಕಿಗೆ ಹಣೆ ಒತ್ತಿ ಇಣುಕಿ
"ಒಳಗೊಂದು ದೋಣಿ ಇದೆ" ಎಂದು ಕೂಗಿದ.
ಈ ಬೆಟ್ಟದಲ್ಲಿ ದೋಣಿಯೇ?
"ಅಲ್ಲ, ತೊಟ್ಟಿಲು. ಅಲ್ಲಲ್ಲ..."
ಅವನ ಉಸಿರಿಗೆ ಗಾಜು ಮಂಜಾಯಿತು.

ರಾತ್ರಿ ರಿಕುತೊ ಕಾರ್ಡನ್ನು ಕಾಲುಕಾವಲಿಯ ಮೇಜಿನ ಮೇಲಿಟ್ಟು
ಖಾಲಿ ಚೌಕವನ್ನು ನೋಡುತ್ತ ಕೂತ.
ಟವೆಲ್ಲಿಗಾಗಿ ಅಲ್ಲ ಅಂದ. ಟವೆಲ್ಲಿಗಾಗಿಯೂ ಇರಬಹುದು.
ಅತ್ತೆ ಎದ್ದು ಹೋಗಿ,
ಅಂಚೆ ಕಚೇರಿಯ ಕಾಗದಗಳಿಗೆ ಮುದ್ರೆ ಒತ್ತುವಾಗ ಬಳಸುವ
ಕುಂಕುಮಗೆಂಪು ಮಸಿಯ ಡಬ್ಬಿ ತಂದರು.
ಮುದ್ರೆ ತರಲಿಲ್ಲ. ಹೆಬ್ಬೆರಳು ಅದ್ದಿ,
ಚೌಕದ ನಟ್ಟನಡುವೆ ಇಟ್ಟು, ಮೈಭಾರವೆಲ್ಲ ಬಿಟ್ಟು,
ನಿಧಾನ ಎತ್ತಿದರು.

ರಿಕುತೊ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದ.
"ಅಜ್ಜೀ, ಇದರಲ್ಲಿ ಗೆರೆಗಳೇ ಇಲ್ಲ."
"ಒಣಗಲಿ" ಅಂದರು ಅತ್ತೆ, "ಮುಟ್ಟಬೇಡ."