ಎಳ್ಳಿಗೊಂದು ಜೊತೆ

ಬೆಲ್ಲ ಸತ್ತದ್ದು ಮಂಗಳವಾರ, ಹೊಲಿಗೆ ಮೆಷಿನ್ನಿನ ಕೆಳಗೆ,
ಲೈನಿಂಗ್ ಬಟ್ಟೆಯ ಚೂರು ತುಂಬಿದ ಬುಟ್ಟಿಯಲ್ಲಿ.
ಎಳ್ಳು ಅದರ ಕಿವಿ ನೆಕ್ಕುತ್ತಲೇ ಇತ್ತು
ನಾನು ಎರಡು ತೋಳು ಹೊಲಿದು ಮುಗಿಸುವವರೆಗೆ.
ಆಮೇಲೆ ನಿಲ್ಲಿಸಿತು.
ನಿಲ್ಲಿಸಿದಾಗಲೇ ನನಗೆ ಗೊತ್ತಾದದ್ದು.

ಗಿನಿ ಪಿಗ್ ಸತ್ತರೆ ವಿರಾಜಪೇಟೆಯಲ್ಲಿ ಯಾರೂ ಅಂಗಡಿ ಮುಚ್ಚುವುದಿಲ್ಲ.
ಮದುವೆ ಬ್ಲೌಸು ಹದಿಮೂರು, ಶುಕ್ರವಾರಕ್ಕೇ ಬೇಕು.
ಪೇರಳೆ ಗಿಡದ ಬುಡದಲ್ಲಿ ಪಕ್ಕದ ಮನೆಯ ರಾಶಿದ್ ಗುಂಡಿ ತೋಡಿದ,
ಕಂಪಾಸ್ ಬಾಕ್ಸಿನ ಸ್ಕೇಲಿಟ್ಟು ಆಳ ನೋಡಿದ,
'ನಾಯಿ ಕೆದಕಬಾರದಲ್ಲ ಆಂಟಿ' ಎಂದ.

ಕರಿದು ಎಳ್ಳು, ಕಂದು ಬೆಲ್ಲ:
ಸಂಕ್ರಾಂತಿಯ ಮಾರನೆಯ ದಿನ ತಮಾಷೆಗೆ ಇಟ್ಟ ಹೆಸರು.
ಈಗ ನೆನೆದರೆ ಬೆನ್ನು ತಣ್ಣಗಾಗುತ್ತದೆ.
ಬೆಲ್ಲ ಜೊತೆಗಿದ್ದರೆ ಎಳ್ಳು ಹಬ್ಬ.
ಬರೀ ಎಳ್ಳನ್ನು ನಾವು
ನೀರಿನ ಜೊತೆ ಬಿಡುತ್ತೇವೆ, ಹೋದವರಿಗೆ.

ಮೊದಲೆಲ್ಲ ಪೆಡಲು ನಿಂತರೆ ಸಾಕು
ಬುಟ್ಟಿಯಿಂದ ಎರಡು ಸೀಟಿ, ಕೊತ್ತಂಬರಿಗೆ.
ಈಗ ಪೆಡಲು ನಿಂತರೆ ಬಸ್ಸಿನ ಹಾರನ್ನು ಮಾತ್ರ.
ತರಕಾರಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿದೆ,
ಒಂಬೈನೂರು ಇದ್ದದ್ದು ಎಂಟುನೂರ ಹತ್ತು.
ಗಿರಾಕಿಗಳ ಕನ್ನಡಿ ಇಳಿಸಿ ಮುಂದಿಟ್ಟೆ.
ಎಳ್ಳು ಒಮ್ಮೆ ನೋಡಿತು, ಮೂಸಿತು,
ವಾಸನೆಯಿಲ್ಲದ ಆ ಗೆಳತಿಗೆ ಬೆನ್ನು ಹಾಕಿ ಕೂತಿತು.

ದನ, ಬೇಟೆನಾಯಿ ನೋಡುವ ಡಾಕ್ಟರ್ ಚಿಣ್ಣಪ್ಪ
ಕನ್ನಡಕ ಹಣೆಗೇರಿಸಿ ಹೇಳಿದರು:
'ಹಲ್ಲು ಸರಿ ಇದೆ, ಹೊಟ್ಟೆ ಸರಿ ಇದೆ.
ನೀವು ಎಷ್ಟು ಸವರಿದರೂ
ನಿಮ್ಮ ಕೈಗೆ ಅದರ ಭಾಷೆ ಬರಲ್ಲಮ್ಮ. ಜೊತೆ ಹುಡುಕಿ.'

ಹುಡುಕಿದೆ. ಆಟೋ ಸ್ಟ್ಯಾಂಡಿನಲ್ಲಿ ಕೇಳಿದರೆ
'ಪಂದಿಯಾ? ಎಷ್ಟು ಕೇಜಿ ಬೇಕು?'
ಕಾಚಂಪುಳಿ ನಾನೇ ತರ್ತೀನಿ ಅಂದ ಕುಟ್ಟಯ್ಯ.
ಎಲ್ಲರ ಜೊತೆ ನಾನೂ ನಕ್ಕೆ.
ಅವನ ಹೆಂಡತಿಯ ಬ್ಲೌಸು ಎರಡು ದಿನ ತಡವಾಯಿತು.

ಕೊನೆಗೆ ಪಾಲಿಬೆಟ್ಟದ ದೇಚಕ್ಕನ ಹೋಂಸ್ಟೇ.
ಮೊಲ, ಬಾತು, ಲವ್‌ಬರ್ಡ್ಸ್ ಎಲ್ಲ ಕೊಟ್ಟಾಗಿತ್ತು;
ಉಳಿದದ್ದು ಒಂದು ಬಿಳಿ ಮುದುಕಿ,
ಹರಿದ ಎಡಗಿವಿ, ಸುರುಳಿ ಸುತ್ತಿದ ಉಗುರು.
'ಟೂರಿಸ್ಟ್ ಮಕ್ಕಳು ಎತ್ತಿ ಎತ್ತಿ ಬೇಸರ ಹತ್ತಿದೆ ಇವಳಿಗೆ.
ಯಾರೂ ಎತ್ತದ ಮನೆ ಇದ್ದರೆ ನೋಡು.'
ಕೊಬ್ಬರಿ ಅಂತ ಹೆಸರಿಡೋಣ ಎಂದು
ಅಮ್ಮತ್ತಿ ದಾಟುವಾಗಲೇ ಯೋಚಿಸಿಕೊಂಡು ಹೋಗಿದ್ದೆ.
'ಹೆಸರು ಮೇಡಂ' ಎಂದರು ದೇಚಕ್ಕ.
'ಅಡುಗೆಯವನು ಇಟ್ಟದ್ದು. ಸೊಪ್ಪು ತಡವಾದರೆ ತಟ್ಟೆ ಮಗುಚಿ ಹಾಕ್ತಾಳೆ.'

ಹದಿನಾಲ್ಕು ದಿನ ಬೇರೆ ಬೇರೆ ಕೋಣೆ.
ಇದು ಮಲಗಿದ ಬಟ್ಟೆ ಅದಕ್ಕೆ, ಅದರದು ಇದಕ್ಕೆ;
ಜಾತಕ ಕೊಡುಕೊಳ್ಳುವವರಂತೆ ಓಡಾಡಿದೆ.
ಹದಿನೈದನೆಯ ದಿನ ಕಟಿಂಗ್ ಟೇಬಲ್ ಮೇಲೆ,
ಅದು ಇಬ್ಬರದೂ ಅಲ್ಲದ ಜಾಗ,
ಸುತ್ತ ವಾಯಲ್ ಥಾನುಗಳ ಬೇಲಿ.
ಎಳ್ಳಿನ ಕತ್ತಿನ ಕೂದಲು ನಿಂತಿತು. ಹಲ್ಲು ಕಟಕಟ.
ರಾಶಿದ್ ಟವೆಲ್ ಹಿಡಿದು ಅಂಪೈರಿನ ಹಾಗೆ ಬಗ್ಗಿದ್ದ.
ಮೇಡಂ ನಿಧಾನ ನಡೆದು ಹೋಗಿ
ಎಳ್ಳಿನ ಬಾಯಿಯಿಂದಲೇ ಕೊತ್ತಂಬರಿ ಕಡ್ಡಿ ಎಳೆದುಕೊಂಡು
ಅಲ್ಲೇ ಕೂತು ತಿಂದಳು.
ಜಗಳವಾಗಲಿಲ್ಲ. ಪ್ರೀತಿಯೆಂದೂ ಹೇಳಲಾರೆ.

ಮೊದಲ ರಾತ್ರಿ ಇಬ್ಬರ ನಡುವೆ
ಟೇಪಿನಲ್ಲಿ ಹದಿನೆಂಟು ಇಂಚು.
ವಾರದ ಮೇಲೆ ಏಳು.
ಆಮೇಲೆ ಗಿರಾಕಿ ಜಾಸ್ತಿ, ಅಳೆಯಲಿಲ್ಲ.

'ಬೆಲ್ಲನ ಬದಲಿಗಾ ಇವಳು?' ಕೇಳಿದ ರಾಶಿದ್.
ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ, ಉತ್ತರ ಕೊಡಲಿಲ್ಲ.

ಇವತ್ತು ಕರೆಂಟು ಹೋಗಿ ಕೆಲಸ ಹಿಂದೆ ಬಿತ್ತು.
ಸೊಪ್ಪು ಮರೆತೇ ಹೋಗಿತ್ತು.
ಕತ್ತಲಲ್ಲಿ ಢಣ್ ಎಂದಿತು ಸ್ಟೀಲ್ ತಟ್ಟೆ.
ಬಂದೆ ಮಾರಾಯ್ತಿ, ಬಂದೆ, ಎಂದು
ಟಾರ್ಚ್ ಹಿಡಿದು ಬಗ್ಗಿ ನೋಡಿದರೆ
ಮೇಡಂ ಮೂಲೆಯಲ್ಲಿ ಗಾಢ ನಿದ್ದೆ.
ಮಗುಚಿದ ತಟ್ಟೆಯ ಮೇಲೆ ಮುಂಗಾಲಿಟ್ಟು
ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದದ್ದು
ಎಳ್ಳು.