ಒಂದು ಬಂಗಡೆ ಹೆಚ್ಚು

ಅಂಕೋಲೆಯ ಮೀನುಪೇಟೆಗೆ
ಹನ್ನೊಂದು ವರ್ಷದಿಂದ ನಾನು ಪಿಗ್ಮಿಯವನು.
ಹೆಗಲಿಗೆ ಸೊಸೈಟಿಯ ಚೀಲ, ಕೈಯಲ್ಲಿ ಚೀಟಿ ಉಗುಳುವ ಯಂತ್ರ.
ನಾನು ತಂದ ನೋಟುಗಳನ್ನು
ಕ್ಯಾಷಿಯರ್ ಬಾಯಿ ಮೂಗಿಗೆ ಕರವಸ್ತ್ರ ಹಿಡಿದು ಎಣಿಸುತ್ತಿದ್ದರು.

ಈಗ ಅವರ ಮೂಗಿಗೆ ಬಿಡುವು.
ನೂರಾ ಹನ್ನೆರಡು ಹೆಸರಿದ್ದ ನನ್ನ ಪುಸ್ತಕದಲ್ಲಿ
ಉಳಿದದ್ದು ಮೂವತ್ತೊಂದು.
"ರೊಕ್ಕ ಎಲ್ಲಿ ತಮಾ, ಎಲ್ಲ ಫೋನಿಗೇ ಹೋಗ್ತದೆ"
ಎನ್ನುತ್ತಾರೆ, ಕೈ ಒದ್ದೆಯಲ್ಲವೇ,
ಮೊಣಕೈಯಿಂದ ತೋರಿಸುತ್ತಾರೆ
ಐಸಿನ ಡಬ್ಬಕ್ಕೆ ಅಂಟಿಸಿದ ಆ ಕಪ್ಪುಬಿಳಿ ಚೌಕ.
ನೂರಕ್ಕೆ ಮೂರರ ನನ್ನ ಕಮಿಷನ್ನು
ಸ್ಕೂಟಿಯ ಪೆಟ್ರೋಲಿಗೆ ಸರಿಹೋಗುತ್ತದೆ, ಕೆಲವು ದಿನ ಹೋಗುವುದಿಲ್ಲ.

ಕೇಣಿಯ ಮಂಕಾಳಿ ಹರಿಕಂತ್ರಳ ಪೆಟ್ಟಿಗೆಗೆ ಮಾತು ಬರುತ್ತದೆ.
ಯಾವುದೋ ಪಟ್ಟಣದ ಹುಡುಗಿಯ ದನಿ,
ಮೀನು ಮುಟ್ಟಿರದ ಕನ್ನಡ:
"ಇನ್ನೂರ ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ."
ಇಡೀ ಸಾಲು ಕೇಳುತ್ತದೆ. ಬಾಕಿ ವಸೂಲಿಗೆ ನಿಂತ
ಟೆಂಪೋದವ ಕೇಳುತ್ತಾನೆ.
ಅದೇ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹಿಂದೆ ಬಾಟಲಿಯೆದುರು ಕೂತ
ಜಟ್ಟಪ್ಪನ ಅಂಗಿಕಿಸೆಯಲ್ಲಿ
ಫೋನು ಕುಂಯ್ ಅನ್ನುತ್ತದೆ.
ಖಾತೆ ಅವನದು. ನಂಬರು ಅವನದು.
ಅವಳ ಹತ್ತಿರ ಫೋನಿಲ್ಲವೆಂದು
ಕಂಪನಿಯ ಹುಡುಗ ಹಾಗೆಯೇ ಬರೆದುಕೊಂಡು ಹೋಗಿದ್ದ.

ಹಿಂದೆ ಮಾರಿದ್ದೆಷ್ಟೆಂದು
ಸೆರಗಿನ ಗಂಟಿಗೆ ಗೊತ್ತು, ಅವಳಿಗೆ ಗೊತ್ತು.
ಪೇಟೆಯಿಂದ ಕೇಣಿ ಮುಟ್ಟುವಷ್ಟರಲ್ಲಿ
ಆ ಗಂಟು ಚೂರು ಸಣ್ಣದಾಗುತ್ತಿತ್ತು.
ನಡುವೆ ನಾನಿರುತ್ತಿದ್ದೆ.
ದಿನಕ್ಕೆ ಐವತ್ತರಂತೆ ಕರಗಿದ್ದು
ಮಗಳ ನರ್ಸಿಂಗ್ ಶಾಲೆಯ ಎರಡು ವರ್ಷದ ಫೀಸಾಗಿ ಎದ್ದಾಗ
ಯಾವ ದೇವರು ಕೊಟ್ಟನೆಂದು ಜಟ್ಟಪ್ಪ ಕೇಳಿದ್ದನಂತೆ.
ಬ್ರಾಂಚಿನ ದೇವರು, ಅಂದಳಂತೆ.

ಆದರೂ ಆ ಪೆಟ್ಟಿಗೆಯನ್ನು ಬೈಯಲು ಬಾಯಿ ಬರುವುದಿಲ್ಲ.
ಹೋದ ಆಗಸ್ಟಿನಲ್ಲಿ ಮೊಮ್ಮಗಳಿಗೆ ಜ್ವರ ನೆತ್ತಿಗೇರಿ
ರಾತ್ರಿ ಎರಡಕ್ಕೆ ಕಾರವಾರದ ಆಸ್ಪತ್ರೆ,
ಗಾಜಿನಾಚೆ ಬಿಲ್ಲು ಹಿಡಿದ ಕೈ.
ರತ್ನಾಗಿರಿಯ ಬೋಟಿನಲ್ಲಿದ್ದ ಮಗ ಉಲ್ಲಾಸ
ಸಿಗ್ನಲ್ ಸಿಕ್ಕ ನಾಲ್ಕೇ ನಿಮಿಷಕ್ಕೆ ಆರು ಸಾವಿರ ಹಾಕಿದ.
ಮೊದಲು ಅವನ ದುಡ್ಡು ಮೀನು ಲಾರಿ ಹತ್ತಿ,
ಯಾರ್ಯಾರದೋ ಕಿಸೆಯಲ್ಲಿ ಮಲಗೆದ್ದು
ಎಂಟು ದಿನಕ್ಕೆ ಬರುತ್ತಿತ್ತು, ಇನ್ನೂರು ಕಮ್ಮಿಯಾಗಿ.
ಎಂಟು ದಿನ ಕಾಯುವ ಜ್ವರ ಯಾವುದಿದೆ?
ಆ ರಾತ್ರಿ ಫೋನು ಹಿಡಿದು ನಿಂತವ ಜಟ್ಟಪ್ಪನೇ.
ಅಂದು ಅವ ಕುಡಿದಿರಲಿಲ್ಲ, ಅದನ್ನೂ ಹೇಳಬೇಕು.

ಮೊನ್ನೆ ಗುರುವಾರ ನೋಡಿದೆ.
ಹೈಸ್ಕೂಲಿನ ಮಾಸ್ತರರು ಫೋನೆತ್ತಿ ಚೌಕಕ್ಕೆ ಹಿಡಿದರು.
ನೂರು ರೂಪಾಯಿ, ಎಂಟು ಬಂಗಡೆ.
ಹಿಂದೆ ನಿಂತ ಮುದುಕಿ ಮುದುಡಿದ ನೂರರ ನೋಟು ಬಿಡಿಸಿ ಕೊಟ್ಟಳು.
ಒಂಬತ್ತು.
ನಾನು ಎಣಿಸುವ ಕೆಲಸದವ.
ಛತ್ರಿ ಮಡಚಿ ಅಲ್ಲೇ ನಿಂತು ಇನ್ನೂ ಆರು ಗಿರಾಕಿ ಎಣಿಸಿದೆ.
ಫೋನಿಗೆ ಎಂಟು. ಕೈಗೆ ಒಂಬತ್ತು.
ಯಾವ ಬ್ಯಾಂಕೂ ಬೋರ್ಡಿಗೆ ಬರೆಯದ ದರ.

"ಎಂತಕೆ ಮಂಕಾಳಕ್ಕ?"
ಕತ್ತಿಗೆ ಕಿವಿರು ಕೊಡುತ್ತಿದ್ದವಳು ಮುಖ ಎತ್ತಲಿಲ್ಲ.
"ಅದು ನನ್ಕಿಂತ ಮೊದ್ಲು ಮನೆ ಮುಟ್ತದೆ ತಮಾ.
ಇದಕ್ಕೆ ಬಾಯಿಲ್ಲ."

ನನ್ನ ಚೀಲದಲ್ಲಿ ಸೊಸೈಟಿಯ ಸುತ್ತೋಲೆಯಿತ್ತು.
ಮುಂದಿನ ತಿಂಗಳಿಂದ ಪಿಗ್ಮಿಯೂ ಫೋನಿನಲ್ಲೇ,
ಕಟ್ಟಿದ ಕೂಡಲೇ ಮೆಸೇಜು,
ಪುಸ್ತಕದಲ್ಲಿ ಕೊಟ್ಟ ನಂಬರಿಗೆ.
ಅವಳ ಪುಟದಲ್ಲಿ ಯಾರ ನಂಬರಿದೆ ಎಂದು
ನಾನೇ ಬರೆದವ, ನೋಡಬೇಕಾಗಿಲ್ಲ.

ಹೇಳಲಿಲ್ಲ.
ಸೆರಗಿನ ಗಂಟು ಬಿಚ್ಚಿ ಐವತ್ತು ಕೊಟ್ಟಳು, ಒದ್ದೆ.
ಯಂತ್ರ ಕಿರ್ ಎಂದಾಗ ಅಂಗೈ ಮುಚ್ಚಿದೆ.
ಚೀಟಿಯನ್ನು ಎಂದಿನಂತೆ ಒಮ್ಮೆ ಓದಿ
ಐಸಿನ ನೀರಿಗೆ ಬಿಟ್ಟಳು.
ಅದು ಮುದ್ದೆಯಾಗುವವರೆಗೆ
ಇಬ್ಬರೂ ನೋಡುತ್ತಿದ್ದೆವು.