ಮೂವತ್ತೆಂಟಕ್ಕೆ ಹತ್ತು, ನಲವತ್ತಕ್ಕೆ ಆರು

ಧನುರ್ಮಾಸ ಹಿಡಿದ ವಾರವೇ
ಹುಚ್ಚೆಳ್ಳಿನ ಜೇನು ಗಟ್ಟಿಯಾಯಿತು.
ಶೀಶೆಯ ತಳದಲ್ಲಿ ಮೊದಲು ಮಂಜು,
ಆಮೇಲೆ ರವೆ,
ಆಮೇಲೆ ಬೋರಲು ಹಾಕಿದರೂ ಕದಲದ ತುಪ್ಪ.

ಸರ್ವಮಂಗಳಾ ಟೀಚರ್ ಎರಡು ಶೀಶೆ ವಾಪಸು ತಂದರು.
ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡದೆ,
‘ಸಕ್ಕರೆ ಪಾಕ ಬೆರೆಸಿದ್ದೀಯ,
ನಿನ್ನಿಂದ ಇದನ್ನು ಎಣಿಸಿರಲಿಲ್ಲ.’
ದುದ್ದದ ಕಡೆ ಹೊಲದ ಬದುವಿನಲ್ಲಿ
ಹನ್ನೊಂದು ಪೆಟ್ಟಿಗೆ ತುಡುವೆ ಇಟ್ಟು
ಹಳದಿ ಹೂವಿನೊಳಗೆ ಎರಡು ತಿಂಗಳು ಓಡಾಡಿದವಳು ನಾನು.
ಏನೂ ಹೇಳಲಿಲ್ಲ.
ಹೇಳಿದ್ದರೆ ಅದೂ ಪಾಕವೇ ಅನ್ನಿಸುತ್ತಿತ್ತು.

ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ
ಹುಡುಗರ ಕೈಯಿಂದ ಥರ್ಮಾಮೀಟರ್ ಬೀಳದ ಹಾಗೆ ಕಾದಿದ್ದೇನೆ.
ಒಲೆಯ ಮೇಲಿಟ್ಟರೆ ಜೇನು ಕರಗುತ್ತದೆ,
ಜೇನಾಗಿ ಉಳಿಯುವುದಿಲ್ಲ.
ಬೇಕಾದದ್ದು ಕಾವು,
ಕೋಳಿ ಮೊಟ್ಟೆಯ ಮೇಲೆ ಕೂತಷ್ಟು.

ಪೆನ್ಷನ್ ಮೊಹಲ್ಲಾದ ಖಲಂದರ್ ಅಂಗಡಿಯಲ್ಲಿ
ಕಂಪ್ರೆಸರ್ ಸತ್ತ ಫ್ರಿಜ್ಜು, ಏಳುನೂರು ರೂಪಾಯಿ.
‘ಅಕ್ಕಾ, ಇದು ತಣ್ಣಗಾಗಲ್ಲ.’
‘ಬೆಚ್ಚಗಾಗಬೇಕು.’
ಕೈಯ ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ನೋಡಿದ.

ತರಕಾರಿ ಡಬ್ಬ ಇದ್ದ ಕಡೆ ನಲವತ್ತು ವ್ಯಾಟಿನ ಎರಡು ಬಲ್ಬು,
ಬೆಳಕಿಗೆ ಮರೆಯಾಗಿ ಎಣ್ಣೆ ಡಬ್ಬದ ತಗಡು,
ಹಳೇ ಕಂಪ್ಯೂಟರಿನಿಂದ ಕಿತ್ತ ಅಂಗೈಯಗಲದ ಫ್ಯಾನು.
ಮರಿ ಮಾಡಿಸುವವರು ಹಾಕುವ ಥರ್ಮೋಸ್ಟ್ಯಾಟು,
ಬೆಂಕಿಪೆಟ್ಟಿಗೆಯಷ್ಟೇ ಅದು,
ಅದರಿಂದ ಇಳಿದ ಇಲಿಬಾಲದಂಥ ತಂತಿ.
‘ಮೂವತ್ತೆಂಟಕ್ಕೆ ಹತ್ತು, ನಲವತ್ತಕ್ಕೆ ಆರು’ ಅಂದೆ.
ಲೆಕ್ಕ ಅಂದುಕೊಂಡು ಖಲಂದರ್
ಚೀಟಿಯಲ್ಲಿ ಹತ್ತೂ ಆರೂ ಕೂಡಿ ಹದಿನಾರು ಬರೆದ.
ಆ ಚೀಟಿ ಈಗಲೂ ಬಾಗಿಲಿಗೇ ಅಂಟಿದೆ.

ಮೊದಲ ರಾತ್ರಿ ಇಲಿಬಾಲ ಜಾರಿ
ಬಾಗಿಲ ಸಂದಿಯಿಂದ ಆಚೆ ಬಿದ್ದಿತ್ತು.
ಹಾಸನದ ಚಳಿಯನ್ನು ಅಳೆಯುತ್ತ
ಹದಿನಾಲ್ಕು, ಇನ್ನೂ ಹದಿನಾಲ್ಕು ಎನ್ನುತ್ತ
ಬೆಳಗಿನವರೆಗೂ ಬಲ್ಬು ಆರಿಸಲಿಲ್ಲ, ಪಾಪ.
ಒಳಗೆ ಅರವತ್ತೆರಡು.
ಆರು ಶೀಶೆ, ಆಲೆಮನೆಯ ವಾಸನೆ.
ತಂತಿ ಹೇಳಿದ್ದೆಲ್ಲ ನಿಜ,
ಅದು ಬಿದ್ದ ಜಾಗದ್ದು.

ಮರುದಿನ ಹೂ ಕಟ್ಟುವ ದಾರದಲ್ಲಿ
ಅದನ್ನು ಶೀಶೆಯ ನಡುವಿಗೆ ಬಿಗಿದೆ.
ಟಕ್. ಹತ್ತಿತು.
ತುಂಬಾ ಹೊತ್ತು.
ಟಕ್. ಆರಿತು.
ನಿದ್ದೆ ಬಾರದೆ ಎಣಿಸಿದೆ.
ಇದೇ ಹೊತ್ತಿಗೆ ದುದ್ದದಲ್ಲಿ
ಪೆಟ್ಟಿಗೆಯೊಳಗೆ ಅವು ಒಂದರ ಮೇಲೊಂದು ಮುದ್ದೆಯಾಗಿ
ರೆಕ್ಕೆ ಬಿಚ್ಚದೆ ಮೈ ನಡುಗಿಸಿ
ಇದನ್ನೇ ಮಾಡುತ್ತಿರುತ್ತವೆ,
ಕರೆಂಟ್ ಬಿಲ್ಲಿಲ್ಲದೆ.

ಮೂರನೇ ಬೆಳಗ್ಗೆ ಶೀಶೆ ಓರೆ ಮಾಡಿದರೆ
ಒಳಗಿನ ಗುಳ್ಳೆ ಮೆಲ್ಲಗೆ ಮೇಲೇರಿತು.

ಟೀಚರ್ ಬಂದು, ಕನ್ನಡಕ ಸರಿಮಾಡಿಕೊಂಡು
ಕಪಾಟಿನ ಮೂಲೆಗೆ ಬೆರಳು ತೋರಿಸಿದರು:
‘ಅದು ನೋಡು, ಆ ಕಪ್ಪಗಿರೋದು, ಅಸಲಿ!’
‘ಅದು ಸುಟ್ಟದ್ದು ಮೇಡಂ, ಮಾರಾಟಕ್ಕಿಲ್ಲ.’
ನಂಬಲಿಲ್ಲ.
ತಿಳಿಯಾದದ್ದನ್ನೇ ತಗೊಂಡು ಹೋದರು,
ಹೋಗುವಾಗಲೂ ಆ ಕಡೆಯೇ ನೋಡುತ್ತ.

ಕರಗಿಸದ ಒಂದು ಶೀಶೆ ನನಗೆ ಇಟ್ಟುಕೊಂಡಿದ್ದೇನೆ.
ಬಿಸಿ ರೊಟ್ಟಿಯ ಮೇಲೆ ಚಮಚದಿಂದ ಬಳಿದರೆ
ಹಲ್ಲಿಗೆ ಸಣ್ಣಗೆ ಕರಕರ.

ಬಾಕಿ ಇನ್ನೂರು ವಸೂಲಿಗೆ ಖಲಂದರ್ ಬಂದ.
ಬಾಗಿಲು ತೆಗೆದು ತೋರಿಸಿದೆ.
ಗ್ಯಾಸು, ಮಂಜುಗಡ್ಡೆ, ತಾಮ್ರದ ಕೊಳವೆಗಳಲ್ಲಿ
ಇಪ್ಪತ್ತೆಂಟು ವರ್ಷ ಆಡಿ ಬಿರಿದ ಎರಡೂ ಕೈ
ಶೀಶೆಗಳ ನಡುವೆ ಒಳಗಿಟ್ಟ.
ದುಡ್ಡಿನ ಮಾತೆತ್ತಲಿಲ್ಲ.
ಟಕ್ ಅಂತು.
‘ಇನ್ನೊಂದು ಸಲ ಹತ್ತಲಿ ಅಕ್ಕಾ,
ಆಮೇಲೆ ಹೋಗ್ತೀನಿ.’